ತೋಟದ ನೆಲದ ಅಣಬೆ: ಮರಕ್ಕೆ ಕೇಡಿಲ್ಲದವು, ಕೇಡಿನವು

ಮರದ ಬುಡದಲ್ಲಿ ಮಳೆಯ ಮಾರನೆಯ ದಿನ ಏಳುವ ಅಣಬೆ ಶಿಲೀಂಧ್ರದ ಇಡೀ ಒಡಲಲ್ಲ. ಒಡಲು ಮಣ್ಣಿನೊಳಗೆ, ಕೊಳೆಯುವ ತರಗು ಕಡ್ಡಿಗಳ ನಡುವೆ, ಕೂದಲಿಗಿಂತ ತೆಳುವಾದ ಎಳೆಗಳ ಬಲೆಯಾಗಿ ವರ್ಷವಿಡೀ ಹಬ್ಬಿರುತ್ತದೆ. ತೇವ, ಹದವಾದ ಬಿಸುಪು, ತಿನ್ನಲು ಬೇಕಾದಷ್ಟು ಸತ್ತ ಸಸ್ಯಾಂಶ ಈ ಮೂರೂ ಕೂಡಿಬಂದಾಗ ಆ ಬಲೆ ಒಂದೆರಡು ರಾತ್ರಿಯಲ್ಲೇ ಕೊಡೆಗಳನ್ನು ಮೇಲಕ್ಕೆ ಕಳಿಸುತ್ತದೆ. ಬೀಜಕಣಗಳನ್ನು ಹರಡಿದರೆ ಕೊಡೆಯ ಕೆಲಸ ಮುಗಿಯಿತು. ಹಣ್ಣು ಕಿತ್ತ ಮಾತ್ರಕ್ಕೆ ಮಾವಿನ ಮರ ಸಾಯದ ಹಾಗೆ, ಕೊಡೆಯನ್ನು ಒದ್ದು ಉರುಳಿಸಿದ ಮಾತ್ರಕ್ಕೆ ಶಿಲೀಂಧ್ರ ಹೋಗುವುದಿಲ್ಲ.

ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟು ವಿವರಿಸಿರುವ ಶಿಲೀಂಧ್ರ ಜಾತಿಗಳು ಸುಮಾರು ಒಂದೂವರೆ ಲಕ್ಷ. ಒಟ್ಟು ಇರಬಹುದಾದವು 22ರಿಂದ 38 ಲಕ್ಷ ಎಂಬುದು 2017ರಲ್ಲಿ ಪ್ರಕಟವಾದ ಅಂದಾಜು. ಇಷ್ಟೊಂದು ಬಗೆಗಳ ಹೆಸರು ತಿಳಿಯುವುದು ತೋಟದವರ ಕೆಲಸವಲ್ಲ, ಅದರ ಅಗತ್ಯವೂ ಇಲ್ಲ. ಮರದ ಜೊತೆ ಅವಕ್ಕಿರುವ ಸಂಬಂಧ ತಿಳಿದರೆ ಸಾಕು. ಕೆಲವು ಸತ್ತ ಎಲೆ, ಕಟ್ಟಿಗೆ, ಗೊಬ್ಬರವನ್ನು ತಿನ್ನುತ್ತವೆ. ಕೆಲವು ಬದುಕಿರುವ ಬೇರಿನೊಡನೆ ಕೊಡು-ಕೊಳ್ಳುವ ವ್ಯವಹಾರ ಇಟ್ಟುಕೊಂಡಿರುತ್ತವೆ. ಇನ್ನು ಕೆಲವು ಬದುಕಿರುವ ಮರವನ್ನೇ ತಿನ್ನುತ್ತವೆ. ಈ ಮೂರನೆಯ ಗುಂಪು ಬಲು ಚಿಕ್ಕದು. ಆದರೆ ಅಡಿಕೆಗೂ ತೆಂಗಿಗೂ ಅಣಬೆ ರೋಗ ಬರುವ ನಾಡಿನಲ್ಲಿ ಬುಡದ ಹತ್ತಿರ ಕೊಡೆ ಕಂಡವರ ಎದೆ ಧಸಕ್ಕೆನ್ನುವುದು ಸಹಜವೇ. ಹಾಗೆ ಕಂಡ ಕೊಡೆಗಳಲ್ಲಿ ಬಹುಪಾಲು ಮೊದಲನೆಯ ಗುಂಪಿನವು.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಅಣಬೆಯ ಲೆಕ್ಕದಲ್ಲಿ ಬೇರೆ ಬೇರೆ ಊರುಗಳೇ. ತರೀಕೆರೆಯ ಒಂದು ಮಗ್ಗುಲಿಗೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಇನ್ನೊಂದು ಮಗ್ಗುಲಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಅಲ್ಲಿನ ಅಡಿಕೆ ತೋಟದ ನೆಲಕ್ಕೆ ಬಿಸಿಲು ಬೀಳುವುದೇ ಕಡಿಮೆ. ಉದುರಿದ ಸೋಗೆ, ಹಾಳೆ, ಹರಡಿದ ಅಡಿಕೆ ಸಿಪ್ಪೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತವೆ. ಕಡೂರು ಇದೇ ಬೆಟ್ಟಸಾಲಿನ ಮಳೆನೆರಳಿನ ಬಯಲು. ಬೀರೂರು, ಯಗಟಿ, ಪಂಚನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಮರದ ಪಾತಿ ಬಿಟ್ಟರೆ ಉಳಿದ ನೆಲ ಬೇಗ ಒಣಗುತ್ತದೆ. ಹಾಗಾಗಿ ಅಣಬೆಗಳು ಪಾತಿಯ ಸುತ್ತಲೇ, ನಾಲ್ಕಾರು ದಿನ ಕಂಡು ಮರೆಯಾಗುತ್ತವೆ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಎರೆ ಹೊಲಗಳೂ ಅಮೃತಮಹಲ್ ದನಗಳ ಕಾವಲುಗಳೂ ಇವೆ. ಹುಲ್ಲು, ಹುತ್ತ, ಸಗಣಿ ಮೂರೂ ಇರುವ ಕಾವಲಿನಲ್ಲಿ ಏಳುವ ಅಣಬೆಗಳ ಬಗೆಯೇ ಬೇರೆ.

ಕೊಡೆಯ ಬಣ್ಣ ನೋಡಿ ಕೇಡನ್ನು ಅಳೆಯಲಾಗದು. ಎಷ್ಟು ಎದ್ದಿವೆ ಎಂಬುದೂ ಅಳತೆಯಲ್ಲ. ಒಂದೇ ಬೆಳಿಗ್ಗೆ ಐನೂರು ಎದ್ದರೂ ಮರಕ್ಕೆ ಏನೂ ಆಗದಿರಬಹುದು, ಬುಡಕ್ಕೆ ಅಂಟಿದ ಒಂದೇ ಒಂದು ಮರವನ್ನು ಮುಗಿಸುತ್ತಿರಬಹುದು. ನೋಡಬೇಕಾದದ್ದು ಅದು ಯಾವುದರ ಮೇಲೆ ಬೆಳೆದಿದೆ ಎಂಬುದನ್ನು. ಅಣಬೆಯನ್ನು ಮೇಲಿನಿಂದ ಕೀಳದೆ, ಸಣ್ಣ ಗುದ್ದಲಿಯಿಂದ ಅದರ ಕೆಳಗಿನ ಮಣ್ಣನ್ನು ನಾಲ್ಕು ಬೆರಳು ಆಳಕ್ಕೆ ಎತ್ತಿ ಬಿಡಿಸಿದರೆ ಉತ್ತರ ಸಿಗುತ್ತದೆ. ಬಿಳಿ ಎಳೆಗಳು ಹಳೆಯ ಸೋಗೆಯ ತುಂಡು, ತೆಂಗಿನ ಮಟ್ಟೆ, ಹೂತುಹೋದ ಕೊರಡು ಅಥವಾ ಗೊಬ್ಬರದ ಹೆಂಟೆಗೆ ಹಿಡಿದಿದ್ದರೆ ಅದು ಸತ್ತದ್ದನ್ನು ತಿನ್ನುವ ಜಾತಿ. ಕಾಂಡಕ್ಕೆ ಅಥವಾ ಬುಡದ ದಪ್ಪ ಬೇರಿಗೆ ನೇರವಾಗಿ ಅಂಟಿದ್ದರೆ ಮಾತ್ರ ಯೋಚಿಸಬೇಕು. ಆಮೇಲೆ ಗಟ್ಟಿತನ ನೋಡಬೇಕು. ಬೆರಳಲ್ಲಿ ಮುರಿಯುವಷ್ಟು ಮೆತ್ತಗಿದ್ದು ಎರಡು ಮೂರು ದಿನದಲ್ಲಿ ಕರಗುವ ಅಣಬೆಗೆ ಮರದ ಗೊಡವೆ ಇರುವುದು ಅಪರೂಪ. ಕಟ್ಟಿಗೆಯಂತೆ ಗಟ್ಟಿಯಾಗಿ ತಿಂಗಳುಗಟ್ಟಲೆ ನಿಲ್ಲುವುದು ಬೇರೆ ವಿಷಯ. ಕೊನೆಗೆ ಕತ್ತೆತ್ತಿ ಮರದ ಸುಳಿ ಮತ್ತು ಗರಿಗಳನ್ನು ನೋಡಬೇಕು. ನೆಲವನ್ನೇ ನೋಡುತ್ತಾ ಇದನ್ನು ಮರೆಯುವವರೇ ಹೆಚ್ಚು.

ತೋಟದಲ್ಲಿ ಗಾಬರಿ ಹುಟ್ಟಿಸುವವರ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವುದು ಕೋಪ್ರಿನೆಲ್ಲಸ್ ಡಿಸೆಮಿನೇಟಸ್. ಕಡಿದ ಮರದ ಮೋಟು, ಮಣ್ಣಲ್ಲಿ ಹುದುಗಿದ ಬೇರು ಇದ್ದಲ್ಲಿ ಬೆರಳುಗುರಿನಷ್ಟಗಲದ, ಗಂಟೆಯಾಕಾರದ ಬೂದು-ಕಂದು ಕೊಡೆಗಳು ನೂರಾರು ಒತ್ತೊತ್ತಾಗಿ ಏಳುತ್ತವೆ. ಕೊಡೆಯ ಮೇಲೆ ಅಂಚಿನಿಂದ ನೆತ್ತಿಯ ಕಡೆಗೆ ನಿರಿಗೆಗಳಿರುತ್ತವೆ, ಮುಟ್ಟಿದರೆ ಪುಡಿಯಾಗುತ್ತವೆ. ಇದರ ಹತ್ತಿರದ ಬಳಗದ ಮಸಿ ಅಣಬೆಗಳು ಹೊಸದಾಗಿ ಸಗಣಿ ಗೊಬ್ಬರ ಹಾಕಿದ ಪಾತಿಯಲ್ಲಿ ಬೆಳಗಿನ ಜಾವ ಎದ್ದು, ಬಿಸಿಲೇರುವಷ್ಟರಲ್ಲಿ ಅಂಚಿನಿಂದ ಕಪ್ಪು ನೀರಾಗಿ ಸೋರಿಹೋಗುತ್ತವೆ. ದನ ಮೇಯುವ ಹುಲ್ಲಿಗೆ ಅಂಟಿದ ಬೀಜಕಣಗಳು ಹೊಟ್ಟೆಯೊಳಗೆ ಜೀರ್ಣವಾಗದೆ ಸಗಣಿಯಲ್ಲಿ ಹೊರಬಂದು ಅಲ್ಲೇ ಮೊಳೆಯುತ್ತವೆ. ಗೊಬ್ಬರ ಪೂರ್ತಿ ಕಳಿತಿಲ್ಲ ಎಂಬುದಕ್ಕೆ ಇವು ಕುರುಹು. ಇದಕ್ಕಿಂತ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ.

ತರೀಕೆರೆ ಕಡೆಯ ನೆರಳಿನ ತೋಟಗಳಲ್ಲಿ ಸೋಗೆಯ ದಿಂಡಿಗೆ, ತರಗೆಲೆಗೆ ಅಂಟಿಕೊಂಡು ಕಪ್ಪು ಕೂದಲಿನಂಥ ಕಾಲಿನ ಮೇಲೆ ಪುಟ್ಟ ಕೊಡೆ ಹಿಡಿದು ನಿಲ್ಲುವವು ಮರಾಸ್ಮಿಯಸ್ ಬಳಗದವು. ಒಣಗಿದಾಗ ಮುದುಡಿ ಕಾಣದಂತಾಗಿ, ಮತ್ತೆ ಮಳೆ ಬಿದ್ದಾಗ ಅದೇ ಕೊಡೆ ಅರಳುವುದು ಇವುಗಳ ವಿಶೇಷ. ಅಡಿಕೆಯ ಹಾಳೆ, ಸೋಗೆ, ಸಿಪ್ಪೆಯಲ್ಲಿರುವ ಲಿಗ್ನಿನ್ ಎಂಬ ಗಡಸು ವಸ್ತುವನ್ನು ಒಡೆಯುವುದು ಬ್ಯಾಕ್ಟೀರಿಯಾಗಳಿಗೆ ಕಷ್ಟ, ಎರೆಹುಳುವಿನಿಂದ ನೇರವಾಗಿ ಆಗದು. ಆ ಕೆಲಸದಲ್ಲಿ ಶಿಲೀಂಧ್ರಗಳನ್ನು ಮೀರಿಸುವ ಜೀವಿಯಿಲ್ಲ. ಮುಚ್ಚಿಗೆಯ ಅಡಿಯಲ್ಲಿ ಬಿಳಿ ಎಳೆಗಳು ಹಾಸಿಕೊಂಡು ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತಿದ್ದರೆ ತೋಟದ ಹೊಲಸೆಲ್ಲ ಗೊಬ್ಬರವಾಗುತ್ತಿದೆ ಎಂದೇ ತಿಳಿಯಬೇಕು.

ನೋಡುವವರನ್ನು ಬೆರಗಾಗಿಸುವುದು ಸಯಾಥಸ್ ಎಂಬ ಹಕ್ಕಿಗೂಡು ಅಣಬೆ. ಅರ್ಧದಿಂದ ಒಂದು ಸೆಂಟಿಮೀಟರು ಬಾಯಗಲದ ಕಂದು ಬಟ್ಟಲು. ಒಳಗೆ ಮೊಟ್ಟೆ ಇಟ್ಟಂತೆ ಕೆಲವು ಕಪ್ಪು ಇಲ್ಲವೆ ಬೂದು ಬಿಲ್ಲೆಗಳು. ಪ್ರತಿ ಬಿಲ್ಲೆಯೂ ಬೀಜಕಣಗಳ ಒಂದು ಗಂಟು. ಮಳೆಹನಿ ಬಟ್ಟಲಿಗೆ ಬಿದ್ದ ಹೊಡೆತಕ್ಕೆ ಬಿಲ್ಲೆ ಸಿಡಿದು ಒಂದು ಮೀಟರಿನಷ್ಟು ದೂರ ಹಾರುತ್ತದೆ, ಬಾಲದಂಥ ಅಂಟಿನ ಎಳೆಯಿಂದ ಹುಲ್ಲಿಗೋ ಕಡ್ಡಿಗೋ ಸುತ್ತಿಕೊಳ್ಳುತ್ತದೆ. ಸಗಣಿ ಗೊಬ್ಬರದ ಮೇಲೆ ಬೆಳೆಯುವ ಜಾತಿಯೂ ಇದೆ, ಕೊಳೆತ ಕಟ್ಟಿಗೆಯ ಮೇಲಿನದೂ ಇದೆ. ಇದನ್ನು ಯಾವುದೋ ಕೀಟದ ಮೊಟ್ಟೆಯೆಂದು ತಿಳಿದು ಕೀಟನಾಶಕ ಹೊಡೆದರೆ ಔಷಧಿಯೂ ದುಡ್ಡೂ ದಂಡ.

ಮಳೆಹನಿಯನ್ನೇ ನಂಬಿರುವ ಇನ್ನೊಂದು ಜಿಯಾಸ್ಟ್ರಮ್, ಅಂದರೆ ನೆಲನಕ್ಷತ್ರ. ಮರಗಳಡಿಯ ತರಗಿನಲ್ಲಿ ಮೊದಲು ಗೋಲಿಯಂತೆ ಕಾಣುತ್ತದೆ. ಹೊರಸಿಪ್ಪೆ ಐದಾರು ಎಸಳಾಗಿ ಸೀಳಿ ಹಿಂದಕ್ಕೆ ಬಾಗಿದಾಗ ನಡುವೆ ಒಂದು ಚೀಲ, ಅದರ ನೆತ್ತಿಯಲ್ಲೊಂದು ತೂತು. ಹನಿ ಬಿದ್ದಾಗಲೆಲ್ಲ ತೂತಿನಿಂದ ಕಂದು ಹೊಗೆ. ಬಿದಿರು ಮೆಳೆ, ಅಡಿಕೆ ತೋಟ, ತೆಂಗಿನ ನಾರು ಕೊಳೆಯುವ ಜಾಗಗಳಲ್ಲಿ ಏಳುವ ಫ್ಯಾಲಸ್ ಇಂಡ್ಯೂಸಿಯೇಟಸ್ ಇದಕ್ಕೆ ತೀರ ವಿರುದ್ಧ. ಮೊಟ್ಟೆಯಂಥ ಉಂಡೆ ಒಡೆದು ಕೆಲವೇ ಗಂಟೆಗಳಲ್ಲಿ ಗೇಣುದ್ದದ ಬಿಳಿ ಕಂಬ ನಿಲ್ಲುತ್ತದೆ, ತಲೆಯಿಂದ ಬಿಳಿ ಜಾಲರಿ ಇಳಿಬೀಳುತ್ತದೆ. ತಲೆಯ ಮೇಲಿನ ಹಸಿರು-ಕಂದು ಲೋಳೆ ಹೆಣದಂತೆ ನಾರುತ್ತದೆ. ನೊಣಗಳು ಮುತ್ತಿ ಬೀಜಕಣ ಹೊತ್ತೊಯ್ದರೆ ಸಂಜೆಗೆ ಕಂಬ ಕುಸಿಯುತ್ತದೆ. ಈ ಜಾತಿಯನ್ನು ಫ್ರಾನ್ಸಿನ ವೆಂತೆನಾ 1798ರಲ್ಲಿ ಮೊದಲು ವಿವರಿಸಿದ. ಇಷ್ಟು ಚೆಲುವಿಗೆ ಇಷ್ಟು ನಾತ ಯಾಕೆ ಎನ್ನಿಸಬಹುದು, ಆದರೆ ಮರಕ್ಕೆ ಅದರಿಂದ ಕೂದಲೂ ಕೊಂಕುವುದಿಲ್ಲ.

ಮನೆಯಂಗಳದ ಕುಂಡ, ನರ್ಸರಿಯ ಪಾಲಿಥಿನ್ ಚೀಲಗಳಲ್ಲಿ ಏಳುವ ನಿಂಬೆ ಹಳದಿಯ ನಾಜೂಕು ಅಣಬೆ ಲ್ಯೂಕೋಕೋಪ್ರಿನಸ್ ಬರ್ನ್‌ಬಾಮಿ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಬೆರೆಸಿದ ಮಣ್ಣಿನ ಜೊತೆಯಲ್ಲೇ ಬಂದಿರುತ್ತದೆ. ಗಿಡಕ್ಕೆ ತೊಂದರೆಯಿಲ್ಲ, ತಿಂದವರಿಗೆ ಉಂಟು.

ಕಾವಲು ಮತ್ತು ಬಯಲಿನ ಅಣಬೆಗಳಲ್ಲಿ ಹುತ್ತಕ್ಕೆ ಸೇರಿದವು ಮುಖ್ಯ. ಗೆದ್ದಲು ತನ್ನ ಗೂಡಿನಲ್ಲಿ ಅಗಿದ ಸಸ್ಯಾಂಶದ ತಟ್ಟಿ ಕಟ್ಟಿ ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತದೆ. ಮುಂಗಾರಿನಲ್ಲಿ ಆ ಶಿಲೀಂಧ್ರ ನೆಲ ಸೀಳಿ ಮೇಲೆ ಬರುತ್ತದೆ. ಕೊಡೆಯ ನೆತ್ತಿಯಲ್ಲಿ ಮೊನಚು ಗುಬುಟು, ಕೆಳಗೆ ಗೂಡಿನವರೆಗೂ ಇಳಿದ ಉದ್ದನೆಯ ಬೇರಿನಂಥ ಕಾಲು, ಇವೆರಡೂ ಅದರ ಗುರುತು. ಇದರ ಒಂದು ಜಾತಿ ಟರ್ಮಿಟೋಮೈಸಿಸ್ ಹೈಮಿಯನ್ನು 1979ರಲ್ಲಿ ಭಾರತದಿಂದಲೇ ವಿವರಿಸಲಾಯಿತು. ಇನ್ನೊಂದು ಜಾತಿ ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್ ಉಗುರಿನಷ್ಟೇ ಇದ್ದು ನೂರಾರು ಒಟ್ಟಿಗೆ ಏಳುತ್ತದೆ. ಅದಕ್ಕೆ ಉದ್ದನೆಯ ಕಾಲಿಲ್ಲ. ಹುತ್ತ ಪಾಳು ಬಿದ್ದ ಮೇಲೆ ಅಲ್ಲಿಂದ ಕಡ್ಡಿಯಂಥ ಕಪ್ಪು ಬೆರಳುಗಳು ಎದ್ದರೆ ಅದು ಕ್ಸೈಲೇರಿಯಾ. ಮರಳು ಮಿಶ್ರಿತ ಒಣ ನೆಲದಲ್ಲಿ, ಹುತ್ತದ ಮಗ್ಗುಲಲ್ಲಿ, ಎಂದೂ ಪೂರ್ತಿ ಅರಳದ ಉದ್ದ ಮೊಗ್ಗಿನಂತೆ ನಿಲ್ಲುವುದು ಪೊಡಾಕ್ಸಿಸ್. ಒಳಗೆಲ್ಲ ಕರಿ ಪುಡಿ. ಇವು ಯಾವುವೂ ಮರವನ್ನು ಮುಟ್ಟುವವಲ್ಲ.

ತೋಟದ ಬದುವಿಗೆ ತಾಗಿ ನೀಲಗಿರಿ ಅಥವಾ ಅಕೇಶಿಯಾ ನೆಡುತೋಪು ಇದ್ದರೆ ಅಲ್ಲಿ ಒಣ ಲದ್ದಿಯಂಥ ಕಂದು ಉಂಡೆಗಳು ನೆಲದಿಂದ ಅರ್ಧ ಹೊರಬಂದಿರುತ್ತವೆ. ಸೀಳಿದರೆ ಒಳಗೆ ಬಟಾಣಿಯಂಥ ಕೋಶಗಳು, ಮೇಲ್ಭಾಗದಲ್ಲಿ ಕಂದು ಧೂಳು. ಇದು ಪೈಸೊಲಿಥಸ್. ನೀಲಗಿರಿಯ ಎಳೆಬೇರಿಗೆ ಹೊದಿಕೆಯಂತೆ ಸುತ್ತಿಕೊಂಡು ನೀರು, ಲವಣ ಒದಗಿಸಿ, ಬದಲಿಗೆ ಸಕ್ಕರೆ ಪಡೆಯುತ್ತದೆ. ಅಡಿಕೆ, ತೆಂಗಿನ ಬೇರಿನೊಳಗೂ ಇಂಥದೇ ಒಪ್ಪಂದ ಮಾಡಿಕೊಂಡ ಶಿಲೀಂಧ್ರಗಳಿವೆ, ಆದರೆ ಅವು ಕೊಡೆ ಎತ್ತುವುದೇ ಇಲ್ಲ; ಸೂಕ್ಷ್ಮದರ್ಶಕ ಬೇಕು. ಮಣ್ಣಿನ ರಂಜಕವನ್ನು ಬೇರಿಗೆ ತಲುಪಿಸುವ ಈ ಮೈಕೊರೈಜಾಗಳ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಸಂಶೋಧನೆ ನಡೆಸಿದರು. ತೋಟಕ್ಕೆ ಅತಿ ಹೆಚ್ಚು ಉಪಕಾರಿಯಾದ ಶಿಲೀಂಧ್ರ ತೋಟದವರ ಕಣ್ಣಿಗೇ ಬೀಳುವುದಿಲ್ಲ.

ಶಿಲೀಂಧ್ರವೆಂದು ತಪ್ಪು ತಿಳಿಯುವ ಒಂದು ಜೀವಿಯೂ ಇದೆ. ಒದ್ದೆ ಮುಚ್ಚಿಗೆ, ಅಡಿಕೆ ಸಿಪ್ಪೆಯ ಗುಡ್ಡೆಯ ಮೇಲೆ ರಾತ್ರೋರಾತ್ರಿ ಹರಡುವ ದಟ್ಟ ಹಳದಿ ನೊರೆ ಫುಲಿಗೊ ಸೆಪ್ಟಿಕಾ ಎಂಬ ಲೋಳೆಜೀವಿ. ಬ್ಯಾಕ್ಟೀರಿಯಾಗಳನ್ನು ನುಂಗುತ್ತಾ ನಿಧಾನವಾಗಿ ತೆವಳುತ್ತದೆ, ಒಂದೆರಡು ದಿನದಲ್ಲಿ ಗಟ್ಟಿ ಹೊಪ್ಪಳೆಯಾಗಿ ಒಳಗೆ ಕಂದು ಪುಡಿ ಬಿಡುತ್ತದೆ. ಎಳೆ ಸಸಿಯ ಮೇಲೇರಿದ್ದರೆ ನೀರು ಚಿಮ್ಮಿಸಿ ತೊಳೆದರಾಯಿತು.

ಇನ್ನು ಕೇಡಿನವು. ಸಸಿಯ ಅಥವಾ ಬಳ್ಳಿಯ ಕುತ್ತಿಗೆಯಲ್ಲಿ, ಮಣ್ಣಿಗೆ ತಾಗುವ ಜಾಗದಲ್ಲೇ, ಬೀಸಣಿಗೆಯಂತೆ ಬಿಳಿ ಎಳೆಗಳು ಹಬ್ಬಿ ಅವುಗಳ ನಡುವೆ ಸಾಸಿವೆ ಕಾಳಿನಂಥ ಉಂಡೆಗಳು ಮೊದಲು ಬಿಳಿಯಾಗಿ, ಆಮೇಲೆ ಕಂದಾಗಿ ಕಂಡರೆ ಅದು ಸ್ಕ್ಲೀರೋಶಿಯಂ ರಾಲ್ಫ್ಸಿ. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ, ನಡುವೆ ಹಾಕಿದ ಟೊಮೆಟೊ, ಮೆಣಸಿನಕಾಯಿ, ಶೇಂಗಾ ಇದರ ತುತ್ತು. ಮುಚ್ಚಿಗೆಯ ಬಿಳಿ ಎಳೆಗೂ ಇದಕ್ಕೂ ಇರುವ ವ್ಯತ್ಯಾಸ ಆ ಸಾಸಿವೆಯೇ. ಬಾಡಿದ ಗಿಡವನ್ನು ಸುತ್ತಲಿನ ಮಣ್ಣು, ಉಂಡೆಗಳ ಸಮೇತ ಎತ್ತಿ ತೋಟದಿಂದಾಚೆ ಸಾಗಿಸಬೇಕು. ಉಂಡೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ.

ಅಡಿಕೆ ಮತ್ತು ತೆಂಗಿನ ಅಣಬೆ ರೋಗಕ್ಕೆ ಕಾರಣ ಗ್ಯಾನೋಡರ್ಮಾ. ತಮಿಳುನಾಡಿನಲ್ಲಿ ತೆಂಗಿಗೆ 1952ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಕಂಡದ್ದರಿಂದ ತಂಜಾವೂರು ಸೊರಗು ರೋಗ ಎಂಬ ಹೆಸರೂ ಅದಕ್ಕಿದೆ. ಇದರ ಅಣಬೆಗೆ ಕೊಡೆಯ ಆಕಾರವಿಲ್ಲ. ಕಾಂಡದ ಬುಡಕ್ಕೆ ಮೊಳೆ ಹೊಡೆದ ಹಲಗೆಯಂತೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಮೇಲ್ಮೈ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು, ಬೆಳೆಯುತ್ತಿರುವ ಅಂಚು ಬಿಳಿ, ಕೆಳಭಾಗದಲ್ಲಿ ನಿರಿಗೆಗಳ ಬದಲು ಸೂಜಿಮೊನೆಯಂಥ ತೂತುಗಳು. ಮುರಿಯಲು ಕತ್ತಿಯೇ ಬೇಕು.

ಈ ರೋಗದಲ್ಲಿ ಅಣಬೆ ಬರುವುದು ಕೊನೆಗೆ, ಎಷ್ಟೋ ಸಲ ಮರ ಸತ್ತ ಮೇಲೆ. ಅದಕ್ಕೆ ತುಂಬ ಮೊದಲೇ ಕೆಳಗಿನ ಗರಿಗಳು ಹಳದಿಯಾಗಿ ಕಾಂಡದ ಸುತ್ತ ಜೋತುಬೀಳುತ್ತವೆ, ಬುಡದಲ್ಲಿ ಕೆಂಗಂದು ರಸ ಒಸರುತ್ತದೆ, ಆ ಕಲೆ ನಿಧಾನವಾಗಿ ಮೇಲೇರುತ್ತದೆ, ಬೇರುಗಳು ಕೊಳೆತಿರುತ್ತವೆ. ಕಾಂಡದ ನಡುವೆ ಎಲ್ಲೆಂದರಲ್ಲಿ ಬಿರುಕಿನಿಂದ ರಸ ಸೋರುವುದು ಬೇರೆಯೇ ರೋಗ, ಎರಡನ್ನೂ ಬೆರೆಸಬಾರದು. ಗ್ಯಾನೋಡರ್ಮಾ ಬೇರಿನಿಂದ ಬೇರಿಗೆ ದಾಟುತ್ತದೆ. ಆದ್ದರಿಂದ ಸತ್ತ ಮರವನ್ನು ಮೋಟು, ಬೇರು ಸಮೇತ ಕಿತ್ತು ಸುಡುವುದು, ರೋಗದ ಮರದ ಸುತ್ತ ಸುಮಾರು 60 ಸೆಂ.ಮೀ. ಆಳ, 30 ಸೆಂ.ಮೀ. ಅಗಲದ ಕಂದಕ ತೋಡಿ ಬೇರಿನ ದಾರಿ ಕಡಿಯುವುದು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ಹಾಯಿಸುವುದನ್ನು ನಿಲ್ಲಿಸುವುದು ಮೊದಲ ಕೆಲಸಗಳು. ವರ್ಷಕ್ಕೆ ತೆಂಗಿನ ಮರವೊಂದಕ್ಕೆ 5 ಕಿಲೊ ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾದೊಡನೆ ಹಾಕುವುದು ವಿಜ್ಞಾನಿಗಳ ಶಿಫಾರಸು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಗೊಬ್ಬರದ ಗುಡ್ಡೆಯಲ್ಲಿ ಹಸಿರು ಬೂಷ್ಟಿನಂತೆ ಕಾಣುವ ಅದು ರೋಗಕಾರಕ ಶಿಲೀಂಧ್ರಗಳ ಎಳೆಗಳಿಗೆ ಸುತ್ತಿಕೊಂಡು ಅವನ್ನು ತಿನ್ನುತ್ತದೆ. ತೋಟದ ಬದಿಯ ಹೊಂಗೆ, ಗುಲ್‌ಮೊಹರ್ ಮರದ ಮೋಟಿನ ಮೇಲೂ ಗ್ಯಾನೋಡರ್ಮಾ ಬೆಳೆಯಬಲ್ಲದು; ಅಂಥ ಮೋಟನ್ನು ಬಿಡದೆ ತೆಗೆಸುವುದು ಒಳ್ಳೆಯದು.

ಅಡಿಕೆಯ ಕೊಳೆ ರೋಗಕ್ಕೂ ನೆಲದ ಅಣಬೆಗೂ ನಂಟಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆ ರೋಗದ ಕಾರಣವನ್ನು ವಿವರಿಸಿ ಬೋರ್ಡೋ ದ್ರಾವಣದ ಸಿಂಪರಣೆಗೆ ದಾರಿ ಮಾಡಿದರು. ಆ ರೋಗದ ಫೈಟೋಫ್ತೊರಾ ಅಣಬೆ ಬಿಡುವುದಿಲ್ಲ. ಇಂದಿನ ವರ್ಗೀಕರಣದಲ್ಲಿ ಅದು ಶಿಲೀಂಧ್ರವೂ ಅಲ್ಲ. ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣದ ಆ ದ್ರಾವಣ ಗೊನೆಗಳಿಗಾಗಿ ಇರುವಂಥದು. ಉಳಿದದ್ದನ್ನು ಅಣಬೆ ಎದ್ದ ನೆಲಕ್ಕೆ ಸುರಿಯುವ ರೂಢಿ ಕೆಲವೆಡೆ ಇದೆ. ಅದರಿಂದ ಅಣಬೆಯ ಬಲೆ ಪೂರ್ತಿ ಸಾಯುವುದಿಲ್ಲ. ತಾಮ್ರ ಮಾತ್ರ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ, ದುಡ್ಡು ಕೊಟ್ಟು ಹಾಕಿದ ಟ್ರೈಕೋಡರ್ಮಾಕ್ಕೂ ಪೆಟ್ಟು ಬೀಳುತ್ತದೆ. ಕೊಡೆಗಳು ಬೇಡವೆನಿಸಿದರೆ ಮುಚ್ಚಿಗೆಯನ್ನು ಕೆದರಿ ಗಾಳಿಯಾಡಿಸಬಹುದು, ಬಸಿಗಾಲುವೆಯ ಹೂಳೆತ್ತಿಸಬಹುದು. ಹೂತ ಕೊರಡು ಪೂರ್ತಿ ಕರಗಿದ ವರ್ಷ ಅವು ತಾವಾಗಿಯೇ ನಿಲ್ಲುತ್ತವೆ.

ಮರಕ್ಕೆ ಕೇಡಿಲ್ಲದ ಅಣಬೆ ಹೊಟ್ಟೆಗೂ ಕೇಡಿಲ್ಲದ್ದು ಎಂದು ತಿಳಿದರೆ ಅನಾಹುತ. ಹುಲ್ಲುನೆಲ, ತೋಟದಂಚಿನಲ್ಲಿ ಏಳುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಊಟದ ತಟ್ಟೆಯಗಲದ ಬಿಳಿ ಕೊಡೆ. ಮೇಲೆ ಕಂದು ಹೆಕ್ಕಳಿಕೆಗಳು, ಕಾಲಿಗೆ ಬಳೆ. ಹುತ್ತದ ಅಣಬೆಯೆಂದು ಕಿತ್ತು ಬೇಯಿಸಿದವರಿಗೆ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ-ಭೇದಿ. ಕೊಡೆಯಡಿಯ ನಿರಿಗೆ ಎಳೆಯದರಲ್ಲಿ ಬಿಳಿ, ಬಲಿತಾಗ ಹಸಿರು ಛಾಯೆ. ಬೀಜಕಣದ ಬಣ್ಣವೂ ಹಸಿರೇ. ಕೊಡೆಯನ್ನು ಕಾಲಿನಿಂದ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ನಿರಿಗೆ ಕೆಳಮುಖವಾಗಿಟ್ಟು ರಾತ್ರಿಯಿಡೀ ಬೋಗುಣಿ ಮುಚ್ಚಿಟ್ಟರೆ ಬೆಳಿಗ್ಗೆ ಆ ಬಣ್ಣದ ಅಚ್ಚು ಮೂಡಿರುತ್ತದೆ. ಬೆಳ್ಳಿ ನಾಣ್ಯ ಕಪ್ಪಾಗುವುದು, ಹುಳ ತಿಂದಿರುವುದು ಮುಂತಾದ ಪರೀಕ್ಷೆಗಳನ್ನು ನಂಬಲಾಗದು. ಯಕೃತ್ತನ್ನು ಹಾಳುಮಾಡುವ ಅಮಾನಿಟಾ ಜಾತಿಗಳ ವಿಷ ತಿಂದು ಆರು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ, ತಿಂದು ಅಸ್ವಸ್ಥರಾದವರ ಜೊತೆಗೆ ಉಳಿದ ಅಣಬೆಯನ್ನೂ ಆಸ್ಪತ್ರೆಗೆ ಒಯ್ಯಬೇಕು.

ಗುರುತು ಸಿಗದ ಅಣಬೆಯನ್ನು ತಜ್ಞರಿಗೆ ತೋರಿಸುವಾಗ ಬುಡದ ಮಣ್ಣು, ಅದು ಹಿಡಿದಿದ್ದ ಕಟ್ಟಿಗೆ ಸಮೇತ ಎತ್ತಿ ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ. ಕೊಡೆಯ ಮೇಲಿನ, ಕೆಳಗಿನ ಮತ್ತು ಇಡೀ ಮರದ ಫೋಟೊ, ಬೀಜಕಣದ ಅಚ್ಚು, ಯಾವ ಮರದಿಂದ ಎಷ್ಟು ದೂರದಲ್ಲಿತ್ತು ಎಂಬ ವಿವರ ಜೊತೆಗಿರಲಿ. ತಾಲ್ಲೂಕು ತೋಟಗಾರಿಕೆ ಕಚೇರಿ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ರೋಗದ ಅನುಮಾನಕ್ಕೆ ಮೊದಲ ಬಾಗಿಲುಗಳು. ಅಡಿಕೆ, ತೆಂಗಿನ ವಿಚಾರದಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅಣಬೆಯ ಜಾತಿಯನ್ನೇ ತಿಳಿಯುವ ಕುತೂಹಲ ಇರುವವರಿಗೆ ತರೀಕೆರೆಯಿಂದ ದೂರವಿಲ್ಲದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವಿದೆ.